ಸಕ್ಕರೆ ಕಾಯಿಲೆ: ಒಂದನೆಯದೋ, ಎರಡನೆಯದೋ?



ಕಳೆದ ಆಷಾಢದ ಒಂದು ಸಂಜೆ ಶಿರಾದಿಂದ ನನ್ನ ತಂಗಿಯ ಮಗ ದೂರವಾಣಿ ಮಾಡಿದನು. ಮೂವತ್ತೆಂಟು ವರ್ಷದವನು, ಚಿಕ್ಕಂದಿನಿಂದಲೂ ಬಡಕಲು ಮೈ, ಮದುವೆಯಾದ ಮೇಲೂ ಒಂದು ಸುತ್ತು ದಪ್ಪವಾಗದವನು. "ಮಾವ, ನನಗೆ ಶುಗರ್ ಬಂದಿದೆಯಂತೆ. ಇಲ್ಲಿನ ಡಾಕ್ಟರು ಟೈಪ್ ಟೂ ಅಂತಾರೆ. ತುಮಕೂರಿನವರು, ನೀವು ಇಷ್ಟು ಸಣ್ಣಗಿದ್ದೀರಿ, ಟೈಪ್ ಒನ್ ಇದ್ದರೂ ಇರಬಹುದು ಅಂತಾರೆ. ಯಾವ ಕಾಯಿಲೆ ಅಂತಾನೇ ಗೊತ್ತಿಲ್ಲದೆ ಔಷಧ ಹೇಗೆ ಕೊಡ್ತಾರೆ ಮಾವ?" ಎಂದು ಕೇಳಿದನು.

ನಾನು ವೈದ್ಯನಲ್ಲ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ, ವರ್ಗಾವಣೆಯ ಆದೇಶ ಬಂದಂತೆಲ್ಲ ಗಂಟುಮೂಟೆ ಕಟ್ಟಿಕೊಂಡು ತಿರುಗಿ, ಮೂವತ್ತನಾಲ್ಕು ವರ್ಷ ಚರಿತ್ರೆಯ ಪಾಠ ಮಾಡಿದವನು. ಆದರೆ ಇದೇ ಪ್ರಶ್ನೆಯನ್ನು ಬಹಳ ಹಿಂದೆ ಇನ್ನೊಬ್ಬರು ನನ್ನೆದುರು ಕೇಳಿದ್ದರು. ಆಗ ನಾನು ಕೊಟ್ಟ ಉತ್ತರವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಈ 'ಒಂದು', 'ಎರಡು' ಎಂಬ ಲೆಕ್ಕ ಎಲ್ಲಿಂದ ಬಂದಿತೆಂಬುದನ್ನು ನೋಡೋಣ. ಅದಾದರೂ ನನ್ನ ವಿಷಯಕ್ಕೆ ಸೇರಿದ್ದು.

ನಮ್ಮ ಊರಿನ ಹೆಸರಿನಲ್ಲಿಯೇ ಮಧುವಿದೆ. ಹಿಂದೆ ಮದ್ದಗಿರಿ ಎನ್ನುತ್ತಿದ್ದ ಊರು ಈಗ ಮಧುಗಿರಿ. ಮದ್ದು ಹೋಗಿ ಮಧು ಬಂದ ಮೇಲೆಯೇ ಊರಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತೆಂದು ನಮ್ಮ ಶಾಲೆಯ ಕನ್ನಡ ಪಂಡಿತರು ತಮಾಷೆ ಮಾಡುತ್ತಿದ್ದರು. ಮಧುಮೇಹ ಎಂಬ ಪದವಂತೂ ಬಹು ಪ್ರಾಚೀನವಾದುದು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿದ್ದರು. ಅದಕ್ಕಿಂತ ಹೆಚ್ಚಿನ ಸೂಕ್ಷ್ಮವೆಂದರೆ, ರೋಗಿಗಳು ಎರಡು ತೆರನಾಗಿರುವುದನ್ನೂ ಅವರು ಕಂಡಿದ್ದರು. ಸುಶ್ರುತ ಸಂಹಿತೆಯಲ್ಲಿ ಪ್ರಮೇಹವು 'ಸಹಜ' ಮತ್ತು 'ಅಪಥ್ಯನಿಮಿತ್ತಜ' ಎಂದು ಇಬ್ಭಾಗವಾಗಿದೆ. ಬೀಜದೋಷದಿಂದ ಬರುವ ಮೊದಲನೆಯದರ ರೋಗಿ ಕೃಶನು, ಒಣ ಮೈಯವನು, ಅಲ್ಪಾಹಾರಿ, ಬಾಯಾರಿಕೆಯಿಂದ ಬಳಲುವವನು. ತಪ್ಪು ಆಹಾರದಿಂದ ಬರುವ ಎರಡನೆಯದರ ರೋಗಿ ಸ್ಥೂಲನು, ಬಹುಭೋಜಿ, ಕುಳಿತಲ್ಲಿಂದ ಏಳಲೊಲ್ಲದವನು, ನಿದ್ರಾಪ್ರಿಯನು. ಚರಕ ಸಂಹಿತೆಯಾದರೋ ಸ್ಥೂಲನಿಗೆ ಶೋಧನವನ್ನೂ ಕೃಶನಿಗೆ ಬೃಂಹಣವನ್ನೂ, ಅಂದರೆ ಮೈದುಂಬುವ ಪೋಷಣೆಯನ್ನೂ ಹೇಳುತ್ತದೆ. ಒಂದೇ ಹೆಸರಿನ ರೋಗ, ಪರಸ್ಪರ ವಿರುದ್ಧವಾದ ಉಪಚಾರ! ಬಡಕಲು ರೋಗಿಯನ್ನು ಉಪವಾಸ ಕೆಡವಬಾರದೆಂಬ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಯೂರೋಪಿನಲ್ಲಿ ಇದೇ ವಿಂಗಡಣೆ ಬಹಳ ತಡವಾಗಿ ಬಂದಿತು. 1880ರಲ್ಲಿ ಫ್ರಾನ್ಸಿನ ವೈದ್ಯ ಲಾನ್ಸೆರೋ ಎಂಬಾತ ಬಡಕಲು ಮಧುಮೇಹ, ಕೊಬ್ಬಿದ ಮಧುಮೇಹ ಎಂದು ಎರಡು ಹೆಸರಿಟ್ಟನು. ಅಲ್ಲಿಯೂ ಇಲ್ಲಿಯೂ ಅಳತೆಗೋಲು ಒಂದೇ: ವೈದ್ಯನ ಕಣ್ಣು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ಇಬ್ಬರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂದಿತು. ರೋಗದ ಮನೆ ಎಲ್ಲಿದೆಯೆಂದು ತಿಳಿಯಿತು. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಸಂಗಡಿಗರು ಇನ್ಸುಲಿನ್ ಕಂಡುಹಿಡಿದು, 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿಗೆ ಚುಚ್ಚಿದುದನ್ನು ನೀವು ಬಲ್ಲಿರಿ.

ಆ ಕಾಲದ ಒಬ್ಬ ರೋಗಿಯ ಕಥೆ ನನಗೆ ಬಹಳ ಹಿಡಿಸಿತು. ಲಂಡನ್ನಿನ ತರುಣ ವೈದ್ಯ ರಾಬಿನ್ ಲಾರೆನ್ಸನಿಗೆ 1920ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ ಮಧುಮೇಹ ಬಂದಿತು. ಆಗ ಅದು ಮರಣಶಾಸನವೇ. ಮನೆಯವರ ಕಣ್ಣೆದುರು ಸಾಯುವುದು ಬೇಡವೆಂದು ಆತ ಇಟಲಿಯ ಫ್ಲಾರೆನ್ಸಿಗೆ ಹೋಗಿ ನೆಲೆಸಿದನು. 1923ರಲ್ಲಿ, ಇನ್ನೇನು ಮುಗಿಯಿತು ಎನ್ನುವಾಗ, ಇನ್ಸುಲಿನ್ ಸಿಕ್ಕಿದೆ ಕೂಡಲೇ ಬಾ ಎಂದು ಲಂಡನ್ನಿನ ಗೆಳೆಯನಿಂದ ತಂತಿ ಬಂದಿತು. ಹೋಗಿ ಬದುಕಿದನು. ಮುಂದೆ ಆ ರೋಗದ ದೊಡ್ಡ ತಜ್ಞನಾದನು. ಬೆಳೆದವರಿಗೂ ಚಿಕ್ಕಮಕ್ಕಳ ಬಗೆಯ ಮಧುಮೇಹ ಬರಬಲ್ಲದು ಎಂಬುದಕ್ಕೆ ಆತನೇ ಸಾಕ್ಷಿ.

ಇನ್ಸುಲಿನ್ ಬಂದ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ಕೆಲವರಿಗೆ ಅದು ರಾಮಬಾಣ. ಕೆಲವರಿಗೆ ಎಷ್ಟು ಕೊಟ್ಟರೂ ಅಷ್ಟಕ್ಕಷ್ಟೇ. 1936ರಲ್ಲಿ ಲಂಡನ್ನಿನ ಹ್ಯಾರಲ್ಡ್ ಹಿಮ್ಸ್‌ವರ್ತ್ ಎಂಬ ವೈದ್ಯರು ರೋಗಿಗಳಿಗೆ ಗ್ಲೂಕೋಸ್ ಕುಡಿಸಿ, ಅದೇ ಹೊತ್ತಿಗೆ ಇನ್ಸುಲಿನ್ ಚುಚ್ಚಿ ರಕ್ತವನ್ನು ಪರೀಕ್ಷಿಸಿದರು. ಕೆಲವರಲ್ಲಿ ಸಕ್ಕರೆ ಏರಲಿಲ್ಲ, ಕೆಲವರಲ್ಲಿ ಇನ್ಸುಲಿನ್ನನ್ನೂ ಲೆಕ್ಕಿಸದೆ ಏರಿತು. ಹಾಗಾದರೆ ಮೊದಲಿನವರಿಗೆ ಕೊರತೆಯಿರುವುದು ಇನ್ಸುಲಿನ್ನಿನದು. ಎರಡನೆಯವರಲ್ಲಿ ಕೊರತೆಗಿಂತ ಮಿಗಿಲಾಗಿ ಅದಕ್ಕೆ ಮೈ ಓಗೊಡದಿರುವುದೇ ದೋಷ. ಕಣ್ಣಳತೆಯನ್ನು ಬಿಟ್ಟು ಒಳಗಿನ ಕಾರಣಕ್ಕೆ ಕೈಹಾಕಿದ್ದು ಇದೇ ಮೊದಲು. 1951ರಲ್ಲಿ ಅದೇ ಲಾರೆನ್ಸ್, ಬಾರ್ನ್‌ಸ್ಟೀನ್ ಎಂಬ ಸಹೋದ್ಯೋಗಿಯೊಡನೆ ರೋಗಿಗಳ ರಕ್ತದಲ್ಲಿರುವ ಇನ್ಸುಲಿನ್ನನ್ನು ಅಳೆಯಲು ಪ್ರಯತ್ನಿಸಿ, ಒಂದು ಬಗೆಯವರಲ್ಲಿ ಅದು ಕಾಣದೆಯೂ ಇನ್ನೊಂದು ಬಗೆಯವರಲ್ಲಿ ಇದ್ದೂ ಇರುವುದನ್ನು ತೋರಿಸಿದನು.

ಇಷ್ಟರಲ್ಲಿ ಮಾತ್ರೆಗಳು ಬಂದವು. ಅದೂ ಆಕಸ್ಮಿಕವೇ. 1942ರಲ್ಲಿ ಫ್ರಾನ್ಸಿನ ಮೋಂಪೆಲಿಯೆ ಎಂಬ ಊರಿನಲ್ಲಿ ವಿಷಮಶೀತ ಜ್ವರಕ್ಕೆಂದು ಹೊಸ ಸಲ್ಫಾ ಔಷಧ ಕೊಟ್ಟ ರೋಗಿಗಳಲ್ಲಿ ರಕ್ತದ ಸಕ್ಕರೆ ಇಳಿದುಹೋಯಿತು. ಅದರ ಕಾರಣವನ್ನು ಹುಡುಕುತ್ತ ಹೋದವರು 1950ರ ದಶಕದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಂದರು. ಆದರೆ ಈ ಜಾತಿಯ ಮಾತ್ರೆ ಮಾಡುವ ಕೆಲಸವೇನು? ದಣಿದ ಎತ್ತಿಗೆ ಬಾರುಗೋಲು ತೋರಿಸಿದಂತೆ, ಮೇದೋಜೀರಕದಲ್ಲಿ ಉಳಿದಿರುವ ಕಣಗಳಿಂದಲೇ ಇನ್ನಷ್ಟು ಇನ್ಸುಲಿನ್ ಹೊರಡಿಸುವುದು. ಕಣಗಳೇ ಇಲ್ಲದಿದ್ದರೆ? ಇಲ್ಲಿಂದಲೇ ನನ್ನ ನಾಚಿಕೆಯ ಕಥೆ ಆರಂಭವಾಗುತ್ತದೆ.

1995ರಲ್ಲಿ ನಾನು ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಅಲ್ಲಿದ್ದ ವಿಜ್ಞಾನದ ಮೇಷ್ಟ್ರ ಹೆಸರನ್ನು ಹೇಳುವುದಿಲ್ಲ. ಅವರಲ್ಲಿ ಓದಿದವರು ಊಹಿಸಬಲ್ಲಿರಿ. ವಯಸ್ಸು ನಲವತ್ತೊಂದು, ಕಡ್ಡಿಯಂತಹ ಮೈ. ಆ ಬೇಸಿಗೆಯಲ್ಲಿ ಅವರು ಕೊಡಗಟ್ಟಲೆ ನೀರು ಕುಡಿಯತೊಡಗಿದರು. ಪಾವಗಡದ ಬಿಸಿಲಿಗೆ ಯಾರು ಕುಡಿಯುವುದಿಲ್ಲ ಎಂದು ನಾವೆಲ್ಲ ನಕ್ಕೆವು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಪ್ರಯೋಗಶಾಲೆಗೆ ನನ್ನನ್ನು ಕರೆದರು. ಪ್ರನಾಳದಲ್ಲಿ ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣ. ಅದಕ್ಕೆ ಕೆಲವು ತೊಟ್ಟು ತಮ್ಮದೇ ಮೂತ್ರವನ್ನು ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕಿತ್ತಳೆಯಾಗಿ ಕೊನೆಗೆ ಇಟ್ಟಿಗೆಯ ಕೆಂಪಿಗೆ ನಿಂತಿತು. "ಹತ್ತನೇ ತರಗತಿಗೆ ತೋರಿಸಲು ಇಷ್ಟು ಚೆನ್ನಾದ ಫಲಿತಾಂಶ ಎಂದೂ ಬಂದಿರಲಿಲ್ಲ ಸಾರ್" ಎಂದರು. ಅವರು ಅಂತಹ ಮನುಷ್ಯ.

ವೈದ್ಯರು ನೋಡಿ, ನಲವತ್ತು ದಾಟಿದವರಿಗೆ ಬರುವುದು ಎರಡನೆಯ ಬಗೆಯದೇ ಎಂದು ಮಾತ್ರೆ ಬರೆದುಕೊಟ್ಟರು. ಒಂದೂವರೆ ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಅರ್ಧ ಮಾತ್ರೆ ಒಂದಾಯಿತು, ಒಂದು ಎರಡಾಯಿತು. ಸಕ್ಕರೆ ಮಾತ್ರ ಇಳಿಯದು. ಪಥ್ಯ ಮಾಡುತ್ತಿಲ್ಲವೆಂದು ಆಸ್ಪತ್ರೆಯಲ್ಲಿ ಬೈದು ಕಳುಹಿಸುತ್ತಿದ್ದರು. ಮನೆಯಾಕೆ ಬೆಲ್ಲದ ಡಬ್ಬಿಗೆ ಬೀಗ ಹಾಕಿದರು. ಅವರು ಉಣ್ಣುತ್ತಿದ್ದುದು ಅರ್ಧ ಮುದ್ದೆ, ಸೊಪ್ಪಿನ ಸಾರು. ಯಾರೋ ಹೇಳಿದರೆಂದು ಗಿಡಮೂಲಿಕೆಗಳಿಗೆ ಹೆಸರಾದ ಕೊರಟಗೆರೆಯ ಸಿದ್ಧರ ಬೆಟ್ಟಕ್ಕೆ ಹೋಗಿ ಮಧುನಾಶಿನಿ ಸೊಪ್ಪು ತಂದು ಜಗಿದರು. (ಆ ಸೊಪ್ಪನ್ನು ಜಗಿದ ಮೇಲೆ ಸಕ್ಕರೆ ಬಾಯಿಗೆ ಮರಳಿನಂತಾಗುವುದು ನಿಜ, ನಾನೂ ಜಗಿದು ನೋಡಿದ್ದೇನೆ. ನಾಲಿಗೆಯ ಸಿಹಿ ಹೋದಂತೆ ರಕ್ತದ ಸಿಹಿಯೂ ಹೋಗುವಂತಿದ್ದರೆ ಎಷ್ಟು ಚೆನ್ನಾಗಿತ್ತು!) ಕೈಗಡಿಯಾರ ಮೊಣಕೈವರೆಗೆ ಜಾರುವಷ್ಟು ಸೊರಗಿದರು.

1998ರ ಯುಗಾದಿಯ ಮರುದಿನ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೆದುರು ಅವರು ಕೇಳಿದರು: "ನನಗೆ ಬಂದಿರುವುದು ಈ ಡಾಕ್ಟರು ಹೇಳುವುದಲ್ಲದೆ ಬೇರೆ ಯಾವುದಾದರೂ ಆಗಿರಬಹುದೇ ಸಾರ್?" ಅದಕ್ಕೆ ನಾನು, "ಹೆಸರು ಯಾವುದಾದರೇನು ಸಾರ್, ಮೊದಲು ಹೋಳಿಗೆ ಕದ್ದು ತಿನ್ನುವುದನ್ನು ಬಿಡಿ, ತಾನೇ ಇಳಿಯುತ್ತದೆ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಅವರು ಆ ಯುಗಾದಿಗೆ ಹೋಳಿಗೆಯ ಚೂರನ್ನೂ ಬಾಯಿಗಿಟ್ಟಿರಲಿಲ್ಲವೆಂದು ಅವರ ಮನೆಯಾಕೆ ನನಗೆ ಹೇಳಿದ್ದು ಮೂರು ವಾರಗಳ ಮೇಲೆ, ಆಸ್ಪತ್ರೆಯ ಪಡಸಾಲೆಯಲ್ಲಿ.

ಏಪ್ರಿಲ್ ತಿಂಗಳ ವಾರ್ಷಿಕ ಪರೀಕ್ಷೆಯ ಕೊಠಡಿಯಲ್ಲಿ ಅವರು ವಾಂತಿ ಮಾಡಿಕೊಂಡು ಕುಸಿದರು. ಉಸಿರು ಆಳವಾಗಿ, ವೇಗವಾಗಿ ಬರುತ್ತಿತ್ತು. ಬಾಯಿಂದ ಕೊಳೆತ ಹಣ್ಣಿನಂತಹ ವಾಸನೆ. ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಮಧುಗಿರಿ ದಾಟಿ ತುಮಕೂರು, ಅಲ್ಲಿಂದ ಬೆಂಗಳೂರು ಸೇರಿದೆವು. ಇನ್ಸುಲಿನ್ ಇಲ್ಲದೆ ಸಕ್ಕರೆಯನ್ನು ಬಳಸಲಾರದ ದೇಹವು ತನ್ನ ಕೊಬ್ಬನ್ನೇ ಉರಿಸಿಕೊಂಡಾಗ ಉಂಟಾಗುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿದ್ದವು. ಮೂರು ದಿನ ಕಳೆದ ಮೇಲೆ ಕಣ್ಣು ತೆರೆದರು. ಅಲ್ಲಿನ ವೈದ್ಯರು ಮಾತ್ರೆಯ ಪಟ್ಟಿಯನ್ನು ನೋಡಿ ಬದಿಗಿಟ್ಟು, ಇವರ ಮೈಯಲ್ಲಿ ಇನ್ಸುಲಿನ್ ಸ್ವಂತದ್ದು ಉಳಿದಿಲ್ಲ, ಇವರಿಗೆ ಇದು ಅನ್ನದಷ್ಟೇ ಅಗತ್ಯ ಎಂದು ಚುಚ್ಚುಮದ್ದನ್ನು ಆರಂಭಿಸಿದರು. ಆರು ತಿಂಗಳಲ್ಲಿ ಮೇಷ್ಟ್ರು ಹತ್ತು ಕಿಲೋ ಹೆಚ್ಚಿದರು. ಮುದ್ದೆಯನ್ನೂ ಪೂರ್ತಿ ಉಂಡರು. ಚರಕನ ಬೃಂಹಣ ನನಗೆ ಆಗ ನೆನಪಾಯಿತು.

ಅವರಿಗೆ ಬಂದಿದ್ದ ರೋಗಕ್ಕೆ ಆಗಲೇ ಹೆಸರಿದ್ದಿತು; ನಮ್ಮ ಕಡೆಗೆ ಬಂದಿರಲಿಲ್ಲ ಅಷ್ಟೇ. 1974ರಲ್ಲಿ ಲಂಡನ್ನಿನಲ್ಲಿ ಬೊಟ್ಟಾಝೋ ಮತ್ತು ಸಂಗಡಿಗರು ಕೆಲವು ಮಧುಮೇಹಿಗಳ ರಕ್ತದಲ್ಲಿ ತಮ್ಮದೇ ಮೇದೋಜೀರಕದ ಕಣಗಳ ವಿರುದ್ಧ ಎದ್ದ ಪ್ರತಿಕಾಯಗಳನ್ನು ಕಂಡರು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ರಕ್ಷಿಸಬೇಕಾದ ವ್ಯವಸ್ಥೆಯೇ ಕಣಗಳನ್ನು ಕೊಲ್ಲುವ ಈ ರೋಗವೇ ಮೊದಲನೆಯ ಬಗೆ. ಮಕ್ಕಳಲ್ಲಿ ಸಾಮಾನ್ಯವಾಗಿ ಬೇಗ ನಡೆಯುವ ಈ ಧ್ವಂಸವು ಕೆಲವು ವಯಸ್ಕರಲ್ಲಿ ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತದೆ. ಅಷ್ಟು ಕಾಲ ಉಳಿದ ಕಣಗಳಿಂದ ಮಾತ್ರೆ ಕೆಲಸ ಮಾಡುತ್ತದೆ. ಎಲ್ಲರೂ ಎರಡನೆಯ ಬಗೆಯೆಂದೇ ನಂಬುತ್ತಾರೆ. 1993ರಲ್ಲಿ ಫಿನ್ಲೆಂಡಿನ ಟುಯೋಮಿ, ಆಸ್ಟ್ರೇಲಿಯದ ಝಿಮ್ಮೆಟ್ ಮೊದಲಾದವರು ಇದನ್ನು 'ಲಾಡಾ' ಎಂದು ಕರೆದರು: ವಯಸ್ಕರಲ್ಲಿ ಹುದುಗಿರುವ, ತನ್ನನ್ನು ತಾನೇ ಕೊಲ್ಲುವ ಮಧುಮೇಹ. ಬ್ರಿಟನ್ನಿನಲ್ಲಿ 1977ರಿಂದ ನಡೆದ ದೊಡ್ಡದೊಂದು ಅಧ್ಯಯನದಲ್ಲಿ, ಎರಡನೆಯ ಬಗೆಯೆಂದು ಸೇರಿಸಿಕೊಂಡಿದ್ದ ರೋಗಿಗಳ ಪೈಕಿ ಸುಮಾರು ನೂರಕ್ಕೆ ಹತ್ತು ಹನ್ನೆರಡು ಮಂದಿಯಲ್ಲಿ ಈ ಪ್ರತಿಕಾಯಗಳಿದ್ದವು. ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ತೆರೇಸಾ ಮೇ ಅವರಿಗೆ 2012ರಲ್ಲಿ, ಐವತ್ತಾರರ ವಯಸ್ಸಿನಲ್ಲಿ, ಎರಡನೆಯ ಬಗೆಯೆಂದು ಹೇಳಿ ಮಾತ್ರೆ ಕೊಟ್ಟಿದ್ದರು. ಅದು ನಾಟದೆ ಮತ್ತೆ ಪರೀಕ್ಷಿಸಿದಾಗ ಮೊದಲನೆಯ ಬಗೆಯೆಂದು ತಿಳಿಯಿತು. ಬ್ರಿಟನ್ನಿನ ಗೃಹಮಂತ್ರಿಗೇ ಹೀಗಾದರೆ ಪಾವಗಡದ ಮೇಷ್ಟ್ರ ಪಾಡೇನು! ನಮ್ಮ ಮೇಷ್ಟ್ರಿಗೆ ಪ್ರತಿಕಾಯದ ಪರೀಕ್ಷೆಯಾದದ್ದು 2004ರಲ್ಲಿ, ನಿರೀಕ್ಷೆಯಂತೆ ಇದ್ದಿತು.

ಹೆಸರುಗಳ ಗೊಂದಲವೂ ಕಡಿಮೆಯದಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 'ಇನ್ಸುಲಿನ್ ಅವಲಂಬಿತ', 'ಇನ್ಸುಲಿನ್ ಅವಲಂಬಿತವಲ್ಲದ' ಎಂಬ ಹೆಸರುಗಳನ್ನು ಒಪ್ಪಿತು. ಇದರಿಂದ ನಮ್ಮ ಊರುಗಳಲ್ಲಿ ಯಾರಾದರೂ ಮುದುಕರಿಗೆ ಇನ್ಸುಲಿನ್ ಶುರುವಾದರೆ 'ಎರಡಿದ್ದದ್ದು ಒಂದಾಯಿತಂತೆ' ಎನ್ನುವ ಮಾತು ಹುಟ್ಟಿತು. ಅದು ತಪ್ಪು. ಚಿಕಿತ್ಸೆ ಬದಲಾದರೆ ಬಗೆ ಬದಲಾಗುವುದಿಲ್ಲ. 1999ರಲ್ಲಿ ಆ ಹೆಸರುಗಳನ್ನು ಕೈಬಿಟ್ಟು ಒಂದು, ಎರಡು ಎಂಬ ಅಂಕಿಗಳನ್ನೇ ಉಳಿಸಿಕೊಂಡರು.

ಹಾಗಾದರೆ ಬಡಕಲಾದವರದೆಲ್ಲ ಒಂದನೆಯದೋ? ಇಲ್ಲಿಯೇ ನಮ್ಮ ನೆಲದ ಪ್ರಶ್ನೆ ಬರುವುದು. 1955ರಲ್ಲಿ ಜಮೈಕಾದಲ್ಲಿ ಕೆಲಸ ಮಾಡುತ್ತಿದ್ದ ಹ್ಯೂ ಜೋನ್ಸ್ ಎಂಬ ವೈದ್ಯರು, ಬಡಕಲಾದ, ಎಳೆಯ ವಯಸ್ಸಿನ, ಹೆಚ್ಚು ಇನ್ಸುಲಿನ್ ಬೇಕಾದರೂ ಕೀಟೋನ್ ಕಾಣದ ರೋಗಿಗಳನ್ನು ಕಂಡು, ಇವರು ಒಂದಕ್ಕೂ ಸೇರರು ಎರಡಕ್ಕೂ ಸೇರರು ಎಂದು 'ಜೆ' ಬಗೆ ಎಂದು ಕರೆದರು. ಒರಿಸ್ಸಾದ ಕಟಕ್‌ನಲ್ಲಿಯೂ ಅಂತಹವರು ಕಂಡುಬಂದರು. ಕೇರಳದಲ್ಲಿ ಡಾ. ಗೀವರ್ಗೀಸ್ ಅವರು ಮೇದೋಜೀರಕದಲ್ಲಿ ಕಲ್ಲು ಬೆಳೆದು ಮಧುಮೇಹ ಬಂದ ಅನೇಕ ಬಡ ರೋಗಿಗಳನ್ನು ಪರೀಕ್ಷಿಸಿ ಬರೆದರು. ಅದಕ್ಕೆ ಮರಗೆಣಸು ಕಾರಣವೆಂಬ ವಾದ ಬಹುಕಾಲ ನಡೆದು, ಮರಗೆಣಸು ತಿನ್ನದ ಕಡೆಯೂ ರೋಗ ಕಂಡಾಗ ದುರ್ಬಲವಾಯಿತು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 'ಅಪೌಷ್ಟಿಕತೆಗೆ ಸಂಬಂಧಿಸಿದ ಮಧುಮೇಹ' ಎಂಬ ಪ್ರತ್ಯೇಕ ಗುಂಪನ್ನೇ ಮಾಡಿತು. 1999ರಲ್ಲಿ ಪುರಾವೆ ಸಾಲದೆಂದು ಅದನ್ನು ತೆಗೆದುಹಾಕಿತು. ಪಟ್ಟಿಯಿಂದ ಹೆಸರು ಹೋಯಿತು. ರೋಗಿಗಳು ಎಲ್ಲಿ ಹೋಗುತ್ತಾರೆ?

ನೆರೆಯ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಅಮೆರಿಕದ ತಜ್ಞರೊಡನೆ ಸೇರಿ ತೂಕ ತೀರ ಕಡಿಮೆಯಿರುವ ಮಧುಮೇಹಿ ಗಂಡಸರನ್ನು ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದರು. ಇವರಲ್ಲಿ ಇನ್ಸುಲಿನ್ ಸ್ರವಿಸುವುದು ಕಡಿಮೆ, ಆದರೆ ಒಂದನೆಯ ಬಗೆಯವರಷ್ಟು ಕಡಿಮೆಯಲ್ಲ. ಮೈ ಇನ್ಸುಲಿನ್ನಿಗೆ ಓಗೊಡುವುದು ಎರಡನೆಯ ಬಗೆಯವರಿಗಿಂತ ಚೆನ್ನಾಗಿದೆ. 2025ರ ಜನವರಿಯಲ್ಲಿ ವೆಲ್ಲೂರಿನಲ್ಲಿ ಸಭೆ ಸೇರಿ, ಏಪ್ರಿಲ್‌ನಲ್ಲಿ ಬ್ಯಾಂಕಾಕಿನ ಮಹಾಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಇದಕ್ಕೆ 'ಐದನೆಯ ಬಗೆ' ಎಂದು ಹೆಸರಿಟ್ಟಿತು. ಎಲ್ಲ ತಜ್ಞರೂ ಒಪ್ಪಿಲ್ಲ. ಇದು ಪ್ರತ್ಯೇಕ ರೋಗವೇ ಅಲ್ಲವೇ ಎಂಬ ವಾದ ನಡೆದೇ ಇದೆ.

ಇದನ್ನು ಓದಿದಾಗ ಚರಿತ್ರೆಯ ಮೇಷ್ಟ್ರಾದ ನನಗೆ 1876-78ರ ಬರ ನೆನಪಾಗದಿರುವುದು ಹೇಗೆ? ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮೈಸೂರು ಸಂಸ್ಥಾನ ಕಂಡ ಸಾವುಗಳನ್ನು ನಾನು ಪ್ರತಿವರ್ಷ ಪಾಠ ಮಾಡುತ್ತಿದ್ದೆ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಮ್ಮ ನಾಲ್ಕು ತಾಲ್ಲೂಕುಗಳು ಅಂತಹ ಬರದ ಸೀಮೆಯವೇ. ಹಾಲೆಂಡಿನಲ್ಲಿ 1944-45ರ ಚಳಿಗಾಲದ ಕ್ಷಾಮದಲ್ಲಿ ತಾಯಿಯ ಗರ್ಭದಲ್ಲಿದ್ದವರು ನಡುವಯಸ್ಸಿಗೆ ಬಂದಾಗ ಅವರ ದೇಹ ಸಕ್ಕರೆಯನ್ನು ನಿಭಾಯಿಸುವುದು ಕುಂದಿತ್ತೆಂದು ತೋರಿಸಿದ್ದಾರೆ. ಆದರೆ ಅವಸರದ ತೀರ್ಮಾನ ಸಲ್ಲದೆಂದು ಮೈಸೂರಿನ ಉದಾಹರಣೆಯೇ ಹೇಳುತ್ತದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ 1990ರ ದಶಕದಲ್ಲಿ ಹುಡುಕಿ ಪರೀಕ್ಷಿಸಿದಾಗ, ಇಂಗ್ಲೆಂಡಿನಲ್ಲಿ ಕಂಡಂತೆ ಸಣ್ಣಗೆ ಹುಟ್ಟಿದವರಲ್ಲಿ ಅಲ್ಲ, ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಅರವತ್ತು ವರ್ಷ ಒಂದು ರಿಜಿಸ್ಟರನ್ನು ಗೆದ್ದಲು ತಿನ್ನದಂತೆ ಕಾಪಾಡಿದವರಿಗೆ ನನ್ನ ನಮಸ್ಕಾರ.

ಇನ್ನೊಂದು ತೊಡಕು. ಬಡಕಲು ಕಂಡವರು ನಿಜವಾಗಿ ಬಡಕಲೇ? 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರದೇ ಚಿತ್ರವನ್ನು ಅಕ್ಕಪಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರದೂ 22.3, ಮೈಯ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇಕಡ 9.1, ನಮ್ಮವರಲ್ಲಿ ಶೇಕಡ 21.2. ಮುದ್ದೆ ಉಣ್ಣುವ ಸಣ್ಣ ಮೈಯವರಿಗೆ ಶುಗರ್ ಬಾರದೆಂದು ನಮ್ಮ ಕಡೆ ಬಲವಾಗಿ ನಂಬಿದ್ದವರು ಇದನ್ನು ನೋಡಬೇಕಿತ್ತು. ಆದ್ದರಿಂದ ಸಣ್ಣಗಿರುವವನದು ಎರಡನೆಯ ಬಗೆಯಾಗಿರುವುದೂ ನಮ್ಮಲ್ಲಿ ಸಾಮಾನ್ಯವೇ. ಸುಶ್ರುತನಿಂದ ಲಾನ್ಸೆರೋವರೆಗೆ ಬಂದ ಕಣ್ಣಳತೆ ನಮ್ಮ ಸೀಮೆಯಲ್ಲಿ ಎರಡೂ ಕಡೆಯಿಂದ ಮೋಸ ಮಾಡುತ್ತದೆ.

ನನ್ನ ಸೋದರಳಿಯನ ವಿಚಾರಕ್ಕೆ ಬರುತ್ತೇನೆ. ನಾನೇ ಅವನೊಡನೆ ಬೆಂಗಳೂರಿಗೆ ಹೋದೆ. ಪ್ರತಿಕಾಯದ ಪರೀಕ್ಷೆ ಮಾಡಿದರು, ಇಲ್ಲವೆಂದು ಬಂದಿತು. ಇಲ್ಲದ ಮಾತ್ರಕ್ಕೆ ಒಂದನೆಯ ಬಗೆಯಲ್ಲವೆಂದು ಖಂಡಿತವಾಗಿ ಹೇಳಲಾಗದಂತೆ. ಮೈ ತಾನೇ ಎಷ್ಟು ಇನ್ಸುಲಿನ್ ಮಾಡುತ್ತಿದೆಯೆಂದು ತೋರಿಸುವ ಸಿ-ಪೆಪ್ಟೈಡ್ ಎಂಬ ಪರೀಕ್ಷೆಯಲ್ಲಿ ಅಂಕಿ ಅತ್ತಲೂ ಅಲ್ಲ ಇತ್ತಲೂ ಅಲ್ಲ, ನಡುವೆ ನಿಂತಿತು. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಕಲ್ಲು ಕಾಣಲಿಲ್ಲ. ವೈದ್ಯೆ ವಯಸ್ಸಿನಲ್ಲಿ ನನ್ನ ಕೊನೆಯ ವಿದ್ಯಾರ್ಥಿನಿಯರಷ್ಟಿದ್ದರು. ಚೀಟಿಯಲ್ಲಿ ಬಗೆಯ ಜಾಗವನ್ನು ಖಾಲಿ ಬಿಟ್ಟರು. "ಈಗ ಹೇಳಿದರೆ ಅದು ಊಹೆಯಾಗುತ್ತದೆ ಸಾರ್. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ 'ಇನ್ನೂ ವಿಂಗಡಿಸದ್ದು' ಎಂಬ ಒಂದು ಮನೆ ಇಟ್ಟಿದೆ, ಸದ್ಯಕ್ಕೆ ಅಲ್ಲಿರಲಿ" ಎಂದರು. ತೂಕ ಇಳಿದಿರುವುದರಿಂದ ರಾತ್ರಿಗೆ ಸ್ವಲ್ಪ ಇನ್ಸುಲಿನ್ ಕೊಟ್ಟು, ಊಟ ಕಡಿಮೆ ಮಾಡಬಾರದೆಂದು ಎರಡು ಬಾರಿ ಹೇಳಿದರು. ತೂಕ ಮತ್ತೆ ಇಳಿದರೆ, ವಾಂತಿಯಾದರೆ, ಉಸಿರು ಆಳವಾದರೆ ಕಾಯದೆ ಬರಬೇಕು. ಚುಚ್ಚುಮದ್ದನ್ನು ತಾವಾಗಿ ನಿಲ್ಲಿಸಬಾರದು. ಇದನ್ನು ಅವನ ಹೆಂಡತಿಗೆ ನಾನು ಬರೆದುಕೊಟ್ಟಿದ್ದೇನೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು, "ಮಾವ, ಹಬ್ಬಕ್ಕೆ ಅಮ್ಮ ಹೋಳಿಗೆ ಮಾಡಿದರೆ?" ಎಂದ. ಒಂದು ತಿನ್ನು, ಎಷ್ಟು ಏರಿತೆಂದು ನೋಡಿ ಪುಸ್ತಕದಲ್ಲಿ ಬರೆದಿಡು ಎಂದೆ. ಮರುದಿನ ಪಾವಗಡಕ್ಕೆ ಫೋನು ಮಾಡಿ ವಿಜ್ಞಾನದ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಇಪ್ಪತ್ತೇಳು ವರ್ಷಗಳಿಂದ ದಿನಕ್ಕೆ ನಾಲ್ಕು ಬಾರಿ ಚುಚ್ಚಿಕೊಳ್ಳುತ್ತಿರುವ ಅವರು ಅಳಿಯನ ನಂಬರು ಕೇಳಿ ಬರೆದುಕೊಂಡರು. ಸಿ-ಪೆಪ್ಟೈಡ್ ಪರೀಕ್ಷೆ ಮತ್ತೆ ಮುಂದಿನ ಮಾಘದಲ್ಲಿದೆ.